ಅರಿಶಿನದ ಬಟನ್

ಶಿಕಾರಿಪುರ
18-11-1997, ಮಂಗಳವಾರ

ಪ್ರೀತಿಯ ಯಜಮಾನರಿಗೆ,

ನೀಲಾಂಬಿಕಳ ನಮಸ್ಕಾರಗಳು. ಬೆನ್ನುನೋವು ಹೇಗಿದೆ? ನಿದ್ದೆ ಬರುತ್ತಿದೆಯೇ? ದಾವಣಗೆರೆ ಆಸ್ಪತ್ರೆಯ ಅನ್ನ ಗಂಟಲಲ್ಲಿ ಇಳಿಯುವುದಿಲ್ಲವೆಂದು ಉಪವಾಸ ಬೀಳಬೇಡಿ. ನಿಮ್ಮ ತಂಗಿ ಅಶ್ವಿನಿ ಮನೆಯಿಂದ ರೊಟ್ಟಿ ತಂದುಕೊಡುತ್ತಾಳಲ್ಲ, ಅದನ್ನಾದರೂ ಹೊಟ್ಟೆ ತುಂಬ ಉಣ್ಣಿ. ಕೇಬಲ್ ಎಳೆಯುವಾಗ ಕಂಬದಿಂದ ಬಿದ್ದು ಎರಡೂವರೆ ತಿಂಗಳಾಯಿತು. ಇನ್ನೂ ನರ್ಸುಗಳ ಮೇಲೆ ರೇಗುತ್ತೀರಂತೆ. ರೇಗುವ ಶಕ್ತಿ ಬಂದಿದೆಯೆಂದು ಕೇಳಿ ನನಗೆ ಸಂತೋಷವೇ ಆಯಿತು. ನಾವಿಲ್ಲಿ ಚೆನ್ನಾಗಿದ್ದೇವೆ. ಅತ್ತೆಯವರ ಮಂಡಿನೋವು ಕಡಿಮೆಯಾಗಿದೆ, ಬಾಯಿ ಮಾತ್ರ ಹಾಗೆಯೇ ಇದೆ.

ನಿಮ್ಮ ಪತ್ರ ಶನಿವಾರ ಬಂತು. ಕೈನೋವೆಂದು ಇದನ್ನೂ ಅಶ್ವಿನಿಯಿಂದಲೇ ಬರೆಸಿದ್ದೀರಿ. ನಮ್ಮ ಕೇಬಲ್ ಟಿವಿಯ ಡಿಶ್, ವಿಸಿಆರ್, ಕಂಪ್ಯೂಟರ್, ಸೊರಬದ ಲೈನು, ಎಲ್ಲವನ್ನೂ ಶಿರಾಳಕೊಪ್ಪದ ಕೇಬಲ್ ಚಂದ್ರಶೇಖರಪ್ಪನವರಿಗೆ ಕೊಟ್ಟುಬಿಡು, ನೀನೂ ಅಮ್ಮನೂ ಇನ್ನೆಷ್ಟು ದಿನ ಎಳೆಯುತ್ತೀರಿ ಎಂದು ಕೇಳಿದ್ದೀರಿ. ಎರಡು ಸಲ ಓದಿದೆ. ಕೊಡುವುದಿಲ್ಲ. ಮದುವೆಯಾಗಿ ಒಂಬತ್ತು ವರ್ಷದಲ್ಲಿ ನಿಮ್ಮ ಮಾತಿಗೆ ಇಷ್ಟು ನೇರವಾಗಿ ಇಲ್ಲವೆಂದದ್ದು ಇದೇ ಮೊದಲಿರಬೇಕು. ಕೋಪ ಬಂದರೆ ಬರಲಿ, ಮಲಗಿದಲ್ಲೇ ಕೋಪಿಸಿಕೊಳ್ಳಿ.

ಕೋಪಕ್ಕೆ ಇನ್ನೊಂದು ಕಾರಣವನ್ನೂ ಈಗಲೇ ಕೊಟ್ಟುಬಿಡುತ್ತೇನೆ. ನಿಮ್ಮ ಪ್ರೋಗ್ರಾಮನ್ನು ಬಿಚ್ಚಿ ಬೇರೆ ಮಾಡಿದ್ದೇನೆ. ಊರಿನ ಟಿವಿಗಳಿಗೆ ಯಾವ ವಿಸಿಆರ್ ಹೋಗಬೇಕು, ಯಾವಾಗ ರೂಮಿನ ಕ್ಯಾಮೆರಾ, ಕೆಳಗೆ ಯಾವ ನೋಟೀಸು ಓಡಬೇಕು ಎಂದು ಹೇಳಲು ನೀವು ಇಟ್ಟದ್ದು ಇಪ್ಪತ್ತನಾಲ್ಕು ಆಜ್ಞೆಗಳು. ಅರ್ಧಕ್ಕೆ ಕಂಟ್ರೋಲು, ಅರ್ಧಕ್ಕೆ ಆಲ್ಟು, ಎರಡೂ ಕೈ ಬೇಕು. ಪರದೆಯ ಮೇಲೆ ಒಂದು ಅಕ್ಷರದ ಸಹಾಯವಿಲ್ಲ, ಎಲ್ಲವೂ ನಿಮ್ಮ ತಲೆಯಲ್ಲಿ. ಸಾಲದ್ದಕ್ಕೆ ಮೇಜಿನ ಮೇಲೆ ‘ನಾನಿಲ್ಲದಾಗ ಮುಟ್ಟಬಾರದು’ ಎಂಬ ಚೀಟಿ. ಶಿವಮೊಗ್ಗದ ಮೂರು ತಿಂಗಳ ಬೇಸಿಕ್ ಕ್ಲಾಸಿಗೆ ಇಬ್ಬರೂ ಒಂದೇ ಬಸ್ಸಿನಲ್ಲಿ ಹೋಗಿಬಂದೆವು. ಊರಿಗೆ ಬಂದ ಮೇಲೆ ನೀವು ಕುರ್ಚಿಯಲ್ಲಿ ಕೂತಿರಿ, ನಾನು ಟೀ ತಂದೆ. ಆ ಚೀಟಿಯನ್ನು ಕಿತ್ತು ಒಲೆಗೆ ಹಾಕಿದ್ದೇನೆ.

ಇದಕ್ಕೆಲ್ಲ ಆಯುಧಪೂಜೆಯೇ ಕಾರಣ. ಅಂದು ಮಧ್ಯಾಹ್ನ ಸಿನಿಮಾ ಹಾಕಿ ನಾನು ಸ್ನಾನಕ್ಕೆ ಹೋಗಿದ್ದೆ. ಅತ್ತೆಯವರು ಬೈಕು, ಏಣಿ, ಇಕ್ಕಳ ಎಲ್ಲಕ್ಕೂ ವಿಭೂತಿ ಬಳಿದು, ಕೀಬೋರ್ಡಿಗೂ ಭಕ್ತಿಯಿಂದ ಮೂರು ಬೆರಳು ಎಳೆದಿದ್ದಾರೆ, ಮೇಲಿನ ಸಾಲಿನ ಉದ್ದಕ್ಕೂ. ಎಷ್ಟು ಬಟನ್ ಒತ್ತಿತೋ ಶಿವನೇ ಬಲ್ಲ. ಸಿನಿಮಾ ಹೋಗಿ ಕ್ಯಾಮೆರಾ ಬಂತು. ಕುಂಕುಮವಿಟ್ಟು, ಹೂ ಏರಿಸಿ, ಊದುಬತ್ತಿ ಬೆಳಗಿ, ಕಂಪ್ಯೂಟರಿಗೆ ಅಡ್ಡಬೀಳುವ ನಿಮ್ಮ ತಾಯಿಯನ್ನು ಹತ್ತು ನಿಮಿಷ ಇಡೀ ಶಿಕಾರಿಪುರ ನೋಡಿತು. ಕೆರೆ ಕಡೆಯ ರಾಧಮ್ಮ ಇದು ಹಬ್ಬದ ವಿಶೇಷ ಕಾರ್ಯಕ್ರಮವೆಂದು ನಂಬಿ ಟಿವಿ ಮುಂದೆ ಕಾಯಿ ಒಡೆದರಂತೆ. ನಾನು ಒದ್ದೆ ತಲೆಯಲ್ಲಿ ಓಡಿಬಂದರೆ ನನಗೂ ವಾಪಸು ಹೋಗುವ ದಾರಿ ತಿಳಿಯಲಿಲ್ಲ. ಕೊನೆಗೆ ಕರೆಂಟನ್ನೇ ತೆಗೆದೆ. ಅತ್ತೆಯವರು ನಾಲ್ಕು ದಿನ ಮನೆಯಿಂದ ಹೊರಗೆ ಬರಲಿಲ್ಲ. “ಓದು ಬರದಾಕಿ ನಾನು, ಆ ರೂಮಿಗೆ ಇನ್ನ ಕಾಲಿಡಂಗಿಲ್ಲವ್ವ” ಎಂದು ಕಣ್ಣೀರು ಹಾಕಿದರು. ಆಗ ನನಗೆ ಸಿಟ್ಟು ಬಂದದ್ದು ನಿಮ್ಮ ಮೇಲೆ. ತಪ್ಪು ಅವರದಲ್ಲ. ಒಬ್ಬರಿಗೆ ಮಾತ್ರ ಗೊತ್ತಿರುವಂತೆ ಮಾಡಿಟ್ಟವರದು.

ಐದನೆಯ ದಿನ ಅವರನ್ನು ಬಲವಂತವಾಗಿ ಕುರ್ಚಿಯಲ್ಲಿ ಕೂರಿಸಿದೆ. ನಾನು ಒಂದು ಮಾತನ್ನೂ ಆಡದೆ ಪಕ್ಕದಲ್ಲಿ ಕೂತು ನೋಡಿದೆ. ಬಾಯಿ ಮುಚ್ಚಿಕೊಂಡು ನೋಡುವುದು ಎಷ್ಟು ಕಷ್ಟವೆಂದು ನೀವೂ ಒಮ್ಮೆ ಪ್ರಯತ್ನಿಸಿ. ಅವರು ಪರದೆ ನೋಡಲೇ ಇಲ್ಲ. ಬಟನ್ನುಗಳ ಸಂದಿಯಲ್ಲಿ ಉಳಿದಿದ್ದ ವಿಭೂತಿಯ ಬಿಳುಪನ್ನು ಹುಡುಕಿ, ಅಲ್ಲಿಗೇ ಬೆರಳು ಇಟ್ಟರು. ನನಗೆ ಬೇಕಾದದ್ದು ಸಿಕ್ಕಿತು. ಈಗ ಒಂದು ಬಟನ್ನಿಗೆ ಬಿಳಿ, ಒಂದಕ್ಕೆ ಕೆಂಪು, ಒಂದಕ್ಕೆ ಹಳದಿ ಬಣ್ಣ ಹಚ್ಚಿದ್ದೇನೆ. ಪರದೆಯ ಮೇಲೂ ಅದೇ ಬಣ್ಣದ ಮೂರು ದೊಡ್ಡ ಚೌಕ. ವಿಭೂತಿ ಒತ್ತಿದರೆ ಕ್ಯಾಸೆಟ್ಟು. ಕುಂಕುಮ ಒತ್ತಿದರೆ ನಾನು ಬರೆದಿಟ್ಟ ನೋಟೀಸುಗಳು, ನಲ್ಲಿ ನೀರಿನ ಸಮಯ, ಮೆಕ್ಕೆಜೋಳದ ದರ, ತೀರಿಕೊಂಡ ಯಾರದಾದರೂ ಶಿವಗಣಾರಾಧನೆ, ಒಂದಾದ ಮೇಲೊಂದು ಓಡುತ್ತವೆ. ಅರಿಶಿನದ ವಿಷಯ ಆಮೇಲೆ ಹೇಳುತ್ತೇನೆ.

ಅದೇ ಪ್ರೋಗ್ರಾಮನ್ನು ಫ್ಲಾಪಿಯಲ್ಲಿ ಹಾಕಿ ಬಸ್ ಕಂಡಕ್ಟರ್ ಕೈಯಲ್ಲಿ ಸೊರಬದ ರೂಮಿಗೆ ಕಳಿಸಿದೆ. ಅಲ್ಲಿನ ಲೈನು ನೋಡಿಕೊಳ್ಳುವ ನಿಮ್ಮ ತಮ್ಮ ಚನ್ನೇಶ್ ಮರುದಿನವೇ ಫೋನಿನಲ್ಲಿ ಹಾರಾಡಿದ. “ಅತ್ತಿಗೆ, ಇದೇನು ಬಾಲವಾಡಿ ಮಕ್ಕಳ ಸ್ಲೇಟಾ? ಒತ್ತಿದ್ ಕೂಡ್ಲೇ ಖಾತ್ರಿಯಾ ಖಾತ್ರಿಯಾ ಅಂತ ಕೇಳ್ತದೆ, ಅಷ್ಟೊತ್ತಿಗೆ ಮ್ಯಾಚಲ್ಲಿ ಓವರ್ರೇ ಮುಗ್ದಿರ್ತದೆ” ಎಂದ. ಯಾರೂ ತಪ್ಪು ಮಾಡಬಾರದೆಂದು ನಾನು ಎಲ್ಲದಕ್ಕೂ ಆ ಪ್ರಶ್ನೆ ಇಟ್ಟಿದ್ದೆ. ಇತ್ತ ಅತ್ತೆಯವರು ಆ ಪ್ರಶ್ನೆ ಬಂದೊಡನೆ ಏನೋ ಕೆಟ್ಟಿತೆಂದು ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ಬಲ್ಲವನಿಗೆ ಕಿರಿಕಿರಿ, ಅರಿಯದವರಿಗೆ ಭಯ. ಮೂರು ದಿನ ತಲೆ ಕೆಡಿಸಿಕೊಂಡು ಆ ಪ್ರಶ್ನೆಯನ್ನೇ ತೆಗೆದುಹಾಕಿದೆ. ಬದಲಿಗೆ ಅರಿಶಿನದ ಬಟನ್. ಏನೇ ತಪ್ಪಾಗಲಿ, ಎಷ್ಟೇ ಬಟನ್ ಒತ್ತಿರಲಿ, ಅದನ್ನು ಒತ್ತಿದರೆ ಕೊನೆಗೆ ಸರಿಯಾಗಿ ಓಡುತ್ತಿದ್ದದ್ದೇ ವಾಪಸು ಬರುತ್ತದೆ. ತಪ್ಪು ಮಾಡಬಹುದು, ಸರಿ ಮಾಡಿಕೊಳ್ಳಲೂಬಹುದು. ಚನ್ನೇಶನಿಗಾಗಿ ನಿಮ್ಮ ಇಪ್ಪತ್ತನಾಲ್ಕು ಆಜ್ಞೆಗಳನ್ನೂ ಹಿಂದಿನ ಪರದೆಯಲ್ಲಿ ಉಳಿಸಿದ್ದೇನೆ. ಬೇಕಾದವನು ತೆರೆದುಕೊಳ್ಳುತ್ತಾನೆ, ಬೇಡದವರಿಗೆ ಕಾಣುವುದೇ ಇಲ್ಲ. ದೀಪಾವಳಿ ಕಳೆದ ಮೇಲೆ ಕಂಟ್ರೋಲು, ಆಲ್ಟಿನ ಜೋಡಿಗಳನ್ನೆಲ್ಲ ಬಿಟ್ಟು, ಒಂದೊಂದು ಆಜ್ಞೆಗೆ ಒಂದೇ ಬಟನ್ ಮಾಡಿ, ಎಲ್ಲವನ್ನೂ ಕೀಬೋರ್ಡಿನ ಎಡಭಾಗಕ್ಕೆ ತಂದೆ. ಯಾಕೆ ಅತ್ತಿಗೆ ಎಂದು ಅವನು ಕೇಳಿದ. ಹಾಗೇ, ಅಂದೆ.

ಭಾನುವಾರ ಚಂದ್ರಶೇಖರಪ್ಪನವರು ನಿಮ್ಮದೇ ಇನ್ನೊಂದು ಪತ್ರವನ್ನು ಜೇಬಿನಲ್ಲಿಟ್ಟುಕೊಂಡು ಸಾಮಾನು ನೋಡಲು ಬಂದರು. “ಹೆಣ್ಮಕ್ಕಳ ಕೈಲಿ ಆಗೋ ಕೆಲ್ಸ ಅಲ್ಲ ಬಿಡು ತಂಗಿ” ಎಂದು ನನಗೆ ಹೇಳುತ್ತ, ಕೇಳದೆಯೇ ನಿಮ್ಮ ಕುರ್ಚಿಯಲ್ಲಿ ಕೂತರು. ತಾವು ಬಲ್ಲವರೆಂದು ತೋರಿಸಲು ಹಿಂದಿನ ಪರದೆ ತೆರೆದು ಏನನ್ನೋ ಒತ್ತಿದರು. ಸಿನಿಮಾ ಹೋಯಿತು, ಅವರದೇ ಬಕ್ಕತಲೆ ಊರಿಗೆಲ್ಲ ಕಂಡಿತು. ಬೆವೆತು ಒಂದಾದ ಮೇಲೊಂದು ಬಟನ್ ಕುಟ್ಟತೊಡಗಿದರು. ಅತ್ತೆಯವರು ಹೂಬತ್ತಿ ಹೊಸೆಯುವುದನ್ನು ಬಿಡದೆ, “ಹಳದೀದು ಒತ್ತಪ್ಪ ತಮ್ಮ, ಹೆದರಬ್ಯಾಡ, ಎಲ್ಲಾ ಸರಿ ಹೊಕ್ಕತಿ” ಎಂದರು. ಒತ್ತಿದರು. ಸಿನಿಮಾ ಬಂತು. ಟೀ ಕುಡಿಯದೆ ಹೊರಟವರು ಬಾಗಿಲಲ್ಲಿ ನಿಂತು, ಈ ಪ್ರೋಗ್ರಾಮ್ ಒಂದನ್ನಾದರೂ ಕೊಡುತ್ತೀಯಾ ಎಂದು ಕೇಳಿದರು. ಅತ್ತೆಯವರೇ ಉತ್ತರ ಕೊಟ್ಟರು: “ನನ್ನ ಮಗ ಬರ್ಲಿ, ಅವ್ನ ಕೇಳು.” ನನಗೆ ಅವರನ್ನು ತಬ್ಬಿಕೊಳ್ಳಬೇಕೆನಿಸಿತು, ತಬ್ಬಿಕೊಂಡೆ ಕೂಡ.

ಈಗ ದಿನಾ ಮಧ್ಯಾಹ್ನದ ಪಾಳಿ ಅವರದೇ. ಆ ಹೊತ್ತಿನಲ್ಲಿ ನಾನು ತಾಳಗುಂದದ ಕಡೆ ಹೊಸ ಮನೆಗಳಿಗೆ ಲೈನು ಕೊಡಿಸಲು ಹೋಗುತ್ತೇನೆ. ಆದ್ದರಿಂದ ಎಷ್ಟು ದಿನ ಎಳೆಯುತ್ತೀರಿ ಎಂಬ ಮಾತನ್ನು ಇನ್ನು ಎತ್ತಬೇಡಿ. ನಾವು ಎಳೆಯುತ್ತಿಲ್ಲ, ನಡೆಸುತ್ತಿದ್ದೇವೆ.

ಅಶ್ವಿನಿಗೂ ಅವಳ ಮನೆಯವರಿಗೂ ನನ್ನ ನೆನಪುಗಳನ್ನು ತಿಳಿಸಿ. ಅತ್ತೆಯವರು ನಿಮಗೆ ಆಶೀರ್ವಾದ ಹೇಳಿದ್ದಾರೆ, ಜೊತೆಗೆ ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ ಕಟ್ಟಿಕೊಟ್ಟಿದ್ದಾರೆ. ಮೈ ಹುಷಾರಾಗಿ ನೋಡಿಕೊಳ್ಳಿ.

ಹಟಮಾರಿಯಾದರೂ ನಿಮ್ಮವಳೇ ಆದ,
ನೀಲಾಂಬಿಕ

ವಿ.ಸೂ.: ದಾವಣಗೆರೆ ಬಸ್ಸು ಹೊರಡುತ್ತಿದೆ, ಪೊಟ್ಟಣಕ್ಕಾಗಿ ಕಂಡಕ್ಟರ್ ಕಾಯುತ್ತಿದ್ದಾರೆ, ಬೇಗ ಬರೆಯುತ್ತೇನೆ. ದೀಪಾವಳಿಗೆ ನಾನು ಬಂದಾಗ ನೀವು ಮಲಗಿದ್ದಿರಿ. ಡಾಕ್ಟರು ಹೊರಗೆ ಕರೆದು ಹೇಳಿದರು. ನಿಮ್ಮ ಬಲಗೈ ಬೆರಳುಗಳು ಇನ್ನು ಆಡುವುದಿಲ್ಲವಂತೆ. ನೀವು ನನ್ನಿಂದ ಮುಚ್ಚಿಟ್ಟಿರಿ, ನಾನೂ ಗೊತ್ತಿಲ್ಲದವಳಂತೆ ಎದ್ದುಬಂದೆ, ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಳುತ್ತಲೇ ಇದ್ದೆ. ಎಡಭಾಗಕ್ಕೆ ತಂದ ಬಟನ್ನುಗಳು ನಿಮಗಾಗಿ. ಫ್ಲಾಪಿ ಇದರ ಜೊತೆಗಿದೆ, ಆಸ್ಪತ್ರೆಯಿಂದ ಬಿಟ್ಟ ಮೇಲೆ ಅಶ್ವಿನಿ ಮನೆ ಎದುರಿನ ಕಂಪ್ಯೂಟರ್ ಕ್ಲಾಸಿನಲ್ಲಿ ಹಾಕಿ ನೋಡಿ. ಆಮೇಲೂ ಮಾರಲೇಬೇಕೆನಿಸಿದರೆ ಹಾಗೆಂದು ನೀವೇ ಬರೆಯಿರಿ, ಎಡಗೈಯಲ್ಲಿ, ಸೊಟ್ಟಗಾದರೂ ಸರಿ. ಅಶ್ವಿನಿಯ ಅಕ್ಷರದಲ್ಲಿ ಬಂದರೆ ನಾನು ಒಡೆದೂ ನೋಡುವುದಿಲ್ಲ.