ಹುಮೇರಾಳ ಕೈ ಮುರಿದ ಬಾಲ್ಯಕಥೆ

ಶಾಲೆಗಳ ಬೀರುವಿಗೆ ಪುಸ್ತಕ ಆರಿಸಿ, ಅಚ್ಚು ಹಾಕಿಸಿ ಕಳಿಸುವ ಸಮಿತಿಯ ಮಾನ್ಯ ಅಧ್ಯಕ್ಷರೇ,

ನೀವು ಆರಿಸಿ ಕಳಿಸಿದ ಪುಸ್ತಕವೊಂದು ಹುಣಸೂರಿನ ಐದನೇ ತರಗತಿಯ ಹುಡುಗಿಯ ಬಲಗೈ ಮುರಿದಿದೆ. ಕುಶಲೋಪರಿ ಆಮೇಲೆ ನೋಡೋಣ. ಹುಡುಗಿಯ ಹೆಸರು ಹುಮೇರಾ. ಪುಸ್ತಕ, ದೊಡ್ಡವರ ಬಾಲ್ಯವನ್ನು ಮಕ್ಕಳಿಗೆ ಹೇಳುವ ನಿಮ್ಮ ಮಾಲೆಯದು. ಮೊದಲ ಪುಟದಲ್ಲಿ ನಿಮ್ಮ ಸಮಿತಿಯ ಮೊಹರಿದೆ, ಅದರ ಹಿಂದೆ ನಿಮ್ಮದೇ ಮುನ್ನುಡಿಯಿದೆ. "ಈ ಪುಸ್ತಕಗಳು ಎಳೆಯರನ್ನು ರೂಪಿಸಲಿ" ಎಂದು ಹರಸಿದ್ದೀರಿ. ರೂಪಿಸಿವೆ. ಮಣಿಕಟ್ಟಿನ ಹತ್ತಿರ ಆ ಕೈಯ ರೂಪವೇ ಬೇರೆಯಾಗಿದೆ, ಬಂದು ನೋಡಿ.

ಆ ಮಾಲೆಯನ್ನು ಪೂರ್ತಿ ಓದಿದೆ. ಎಂಥೆಂಥ ಬಾಲ್ಯಗಳು ಸ್ವಾಮಿ. ಹೆಸರಾಂತ ವೈದ್ಯರಾದವರು ಮಗ್ಗಿ ತಪ್ಪಿ ಕಪಾಳಕ್ಕೆ ತಿಂದಿದ್ದರು. ಸಂಗೀತ ವಿದ್ವಾಂಸರಾದವರನ್ನು ಅಪ್ಪ ಕಂಬಕ್ಕೆ ಕಟ್ಟಿ ಬಾರುಕೋಲಿನಲ್ಲಿ ಬಾರಿಸಿದ್ದನು, ಅಂದಿನಿಂದ ಅವರಿಗೆ ತಾಳ ತಪ್ಪಲಿಲ್ಲವಂತೆ. ನ್ಯಾಯಾಧೀಶರಾದವರ ಕಥೆಗಂತೂ ಪುಟದ ತುಂಬ ಬಣ್ಣದ ಚಿತ್ರ. ಹುಡುಗ ಮಂಡಿಯೂರಿ ಕೈ ಚಾಚಿದ್ದಾನೆ, ಮೇಷ್ಟರ ಕೈಯಲ್ಲಿ ದುಂಡನೆಯ ರೂಲುದೊಣ್ಣೆ, ಹುಡುಗನ ತಲೆಯ ಸುತ್ತ ಬೆಳಕು. ಕೆಳಗೆ ಹೀಗಿದೆ: "ಬಾಲಕನು ಕೈ ಹಿಂದಕ್ಕೆಳೆಯಲಿಲ್ಲ. ಗುರುಗಳ ಪ್ರತಿ ಪೆಟ್ಟನ್ನೂ ಹೂವಿನಂತೆ ಸ್ವೀಕರಿಸಿದನು." ಮಕ್ಕಳ ಮೇಲೆ ಕೈ ಮಾಡಕೂಡದೆಂದು ಈ ದೇಶದಲ್ಲಿ ಕಾನೂನಿರುವುದು ತಮ್ಮ ಗಮನಕ್ಕೆ ಬಂದಿದೆಯೇ? ಹೂ ಬಿದ್ದು ಮೂಳೆ ಮುರಿದದ್ದನ್ನು ತಾವು ಯಾವ ತೋಟದಲ್ಲಿ ಕಂಡಿರಿ?

ಹುಮೇರಾಳ ಮೇಷ್ಟರು ಷಣ್ಮುಖಪ್ಪ ಈ ಕಥೆಯನ್ನು ತರಗತಿಯಲ್ಲಿ ಗಟ್ಟಿಯಾಗಿ ಓದುತ್ತಿದ್ದರು. ಓದಿ ಓದಿ ಅವರಿಗೊಂದು ಆಸೆ ಹುಟ್ಟಿತು, ಚಿತ್ರದಲ್ಲಿರುವಂಥದೇ ದೊಣ್ಣೆ ತಮಗೂ ಬೇಕೆಂದು. ಹುಮೇರಾಳ ಅಪ್ಪ ಜಾನ್ ಪಾಷಾ ಮರ ಕಡೆಯುವವನು. ಲಟ್ಟಣಿಗೆ, ಬುಗುರಿ, ತೊಟ್ಟಿಲ ಕಾಲು, ಜೊತೆಗೆ ನಮ್ಮ ದಲಿತ ಸಂಘಟನೆಯ ಮೆರವಣಿಗೆಗೆ ಬಾವುಟದ ಕೋಲು, ಎಲ್ಲವೂ ಅವನ ಅಂಗಡಿಯಲ್ಲೇ ಆಗುತ್ತವೆ. ಮೇಷ್ಟರು ಪುಸ್ತಕ ಹಿಡಿದುಕೊಂಡೇ ಅಲ್ಲಿಗೆ ಹೋದರು.

"ನೋಡಪ್ಪ ಪಾಷಾ, ಹಿಂಗಿರಬೇಕು. ಆಗ್ತದಾ?"

"ಯಾಕಾಗಲ್ಲ ಸಾ. ಬೀಟೆ ತುಂಡು ಒಂದದೆ, ಅದ್ರಲ್ಲೇ ಕಡ್ದು ಪಾಲಿಶ್ ಹಾಕ್ಕೊಡ್ತೀನಿ."

"ಮುರಿಯಲ್ಲ ತಾನೆ?"

"ದೊಣ್ಣೆ ಮುರಿಯಲ್ಲ ಸಾ. ಹಡ್ಡಿ ನಮ್ದು, ಚಮ್ಡಿ ನಿಮ್ದು. ಓದ್ಸಿ ನನ್ ಮಗಳ್ನ."

ಮೂಳೆ ನಮ್ಮದು, ಚರ್ಮ ನಿಮ್ಮದು. ಮಗುವನ್ನು ಮೇಷ್ಟರಿಗೆ ಒಪ್ಪಿಸುವಾಗ ಅವರ ಮನೆಗಳಲ್ಲಿ ಹೀಗೆ ಹೇಳುವುದುಂಟು. ನಮ್ಮ ಕೇರಿಯಲ್ಲಿ "ಕಣ್ಣೊಂದ್ ಬುಟ್ಟು ಎಲ್ಲಾದ್ರೂ ಬಾರ್ಸಿ ಸ್ವಾಮಿ" ಎನ್ನುತ್ತಿದ್ದರು. ದೇವರು ಬೇರೆಯಾದರೇನು, ಅಕ್ಷರಕ್ಕಾಗಿ ಬಡವರು ಒತ್ತೆಯಿಟ್ಟದ್ದು ಮಕ್ಕಳ ಮೈಯನ್ನೇ. ಕೊಡಲು ಅವರ ಹತ್ತಿರ ಬೇರೇನಿತ್ತು? ಆದರೂ ಒಂದು ಮಾತು ನೆನಪಿಡಿ. ಪಾಷಾ ಮೂಳೆಯನ್ನು ಯಾರಿಗೂ ಬರೆದುಕೊಟ್ಟಿರಲಿಲ್ಲ.

ಒಂದು ದಿನ ಅದೇ ಕಥೆಯ ಓದು ಮುಗಿಯಿತು. ಹುಮೇರಾ ಎದ್ದು ನಿಂತು, "ಅವ್ರ ಪಕ್ದಲ್ಲಿ ಕೂತಿದ್ದೋರೂ ಏಟು ತಿಂದ್ರಲ್ವಾ ಸಾ, ಅವ್ರೂ ಜಡ್ಜ್ ಆದ್ರಾ?" ಎಂದು ಕೇಳಿದಳು. ತರಗತಿ ನಕ್ಕಿತು. ಮೇಷ್ಟರಿಗೆ ಆ ನಗು ಸಹಿಸಲಾಗಲಿಲ್ಲ. "ಕೈ ಚಾಚು" ಎಂದರು. ಮೊದಲ ಏಟು ಅಂಗೈಗೆ, ಎರಡನೆಯದೂ ಅಂಗೈಗೆ. ಹುಡುಗಿ ಕೈಯನ್ನು ಕಂಕುಳಿಗೆ ಒತ್ತಿಕೊಂಡಳು. "ಪುಸ್ತಕದಲ್ಲಿ ಅವ್ರು ಕೈ ಎಳ್ಕೊಂಡ್ರಾ? ಚಾಚೇ" ಎಂದು ಗದರಿ, ಭುಜ ಹಿಡಿದೆಳೆದು ಮತ್ತೆ ಬೀಸಿದರು. ಅವಳು ಕೈ ತಿರುಗಿಸಿದಳು. ಬೀಟೆಯ ದೊಣ್ಣೆ ಮಣಿಕಟ್ಟಿನ ಮೇಲೆ ಬಿತ್ತು. ಪಕ್ಕದಲ್ಲಿ ಕೂತಿದ್ದ ಅಫ್ರೀನ್ ನನಗೆ ಹೇಳಿದ್ದು ಇಷ್ಟೇ: "ಬಳೆ ಒಡೀತು ಅನ್ಕೊಂಡೆ ಅಂಕಲ್. ನೋಡಿದ್ರೆ ಅವ್ಳ ಕೈಲಿ ಬಳೇನೇ ಇರ್ಲಿಲ್ಲ." ಚರ್ಮ ಸೀಳಿ ಮೂಳೆಯ ತುದಿ ಬೆಳ್ಳಗೆ ಹೊರಬಂದಿತ್ತು. ಮುಂದಿನ ಸಾಲಿನ ಮಗುವೊಂದು ಅಲ್ಲೇ ವಾಂತಿ ಮಾಡಿಕೊಂಡಿತು. ಈ ಚಿತ್ರವನ್ನು ಬಣ್ಣದಲ್ಲಿ ಬರೆಸುತ್ತೀರಾ ಅಧ್ಯಕ್ಷರೇ? ಯಾರ ತಲೆಯ ಸುತ್ತ ಬೆಳಕು ಹಾಕಿಸುತ್ತೀರಿ?

ಮಾರನೆಯ ಬೆಳಿಗ್ಗೆ ಪಾಷಾ ಶಾಲೆಗೆ ನುಗ್ಗಿದ. ಬಜಾರಿನ ಅರ್ಧ ಜನ ಅವನ ಹಿಂದೆ, ನಾನೂ ಇದ್ದೆ. ಮೇಜಿನ ಮೇಲಿದ್ದ ದೊಣ್ಣೆಯನ್ನು ಕೈಗೆತ್ತಿಕೊಂಡವನು, ತನ್ನ ಕೈಕೆಲಸದ ಗುರುತು ಹತ್ತಿ ಪಾಲಿಶಿನ ಮೇಲೆ ಹೆಬ್ಬೆರಳು ಆಡಿಸಿದ. "ಬುಡಬ್ಯಾಡ ಪಾಷಣ್ಣ, ಹಾಕು ನಾಕು," ಎಂದರು ಯಾರೋ. ಷಣ್ಮುಖಪ್ಪ ಓಡಲಿಲ್ಲ. ಕಣ್ಣು ಮುಚ್ಚಿ, ಬಲ ಅಂಗೈ ಚಾಚಿ ನಿಂತುಬಿಟ್ಟರು. ನಿವೃತ್ತಿಗೆ ಹತ್ತಿರವಾದ ಮನುಷ್ಯ, ಒಂದನೇ ತರಗತಿಯ ಹುಡುಗನ ಹಾಗೆ. ಆ ಕೈಯನ್ನು ಹಾಗೆ ಚಾಚಲು ಕಲಿಸಿದವರು ಯಾರೋ, ಎಷ್ಟು ಏಟಿಗೆ ಕಲಿಸಿದರೋ. ಪಾಷಾ ಅವರಿಗೆ ಹೊಡೆಯಲಿಲ್ಲ. ಹೊರಗೆ ಬಂದು ಕಲ್ಲಿನ ಮೆಟ್ಟಿಲಿಗೆ ಆ ದೊಣ್ಣೆಯನ್ನು ಬಡಿದ, ಬಡಿದ, ಅಂಗೈ ಸುಲಿದು ಮೆಟ್ಟಿಲೆಲ್ಲ ರಕ್ತವಾಗುವ ತನಕ ಬಡಿದ. ಬೀಟೆ ಸೀಳು ಬಿಡಲು ಬಹಳ ಹೊತ್ತು ಹಿಡಿಯಿತು.

ಮೇಷ್ಟರ ಮೇಲೆ ಕೇಸಾಯಿತು, ಅಮಾನತೂ ಆಯಿತು. ಆಗಬೇಕಾದದ್ದೇ. ನಿಮ್ಮ ಕಚೇರಿಗೆ ನಾನು ಫೋನು ಮಾಡಿದಾಗ ಮಾತಾಡಿದ್ದು ನಿಮ್ಮ ಗುಮಾಸ್ತ ಉಮಾಶಂಕರ. "ಪುಸ್ತಕ ಕೈ ಮುರೀತದೇನ್ರೀ ಮಂಚಯ್ಯ? ಮೇಷ್ಟ್ರು ಮುರಿದ್ರು, ಅವರ್ನ ಕೇಳಿ. ನಮ್ದು ಎರಡನೇ ಮುದ್ರಣ ನಡೀತಾ ಅದೆ" ಎಂದ. ಅಂದರೆ ಕಡೆದವನು ಅಳುತ್ತಿದ್ದಾನೆ, ಬೀಸಿದವನು ಮುಖ ಮುಚ್ಚಿಕೊಂಡು ಮನೆ ಸೇರಿದ್ದಾನೆ, ಬೀಸುವುದೇ ಪುಣ್ಯವೆಂದು ಅಚ್ಚು ಹಾಕಿಸಿದ ನೀವು ಇನ್ನೊಂದು ಮುದ್ರಣಕ್ಕೆ ಸಹಿ ಹಾಕುತ್ತಿದ್ದೀರಿ.

ಹೊಡೆತದಿಂದ ಮನುಷ್ಯ ದೊಡ್ಡವನಾಗುವುದಾದರೆ ನಮ್ಮ ಕೇರಿಯಲ್ಲಿ ಮನೆಗೊಬ್ಬ ನ್ಯಾಯಾಧೀಶ ಇರಬೇಕಿತ್ತು. ನನ್ನ ಜೊತೆ ಓದುತ್ತಿದ್ದ ಚಿಕ್ಕಮಾದಮ್ಮ ಶಾಲೆಯ ನೀರಿನ ಗಡಿಗೆ ಮುಟ್ಟಿದಳೆಂದು ಅವಳ ಕಿವಿಯ ಮೇಲೆ ಮೇಷ್ಟರ ಏಟು ಬಿತ್ತು. ಸ್ಲೇಟಿನ ಮೇಲೆ ರಕ್ತ ತೊಟ್ಟಿಕ್ಕಿತು, ಅಕ್ಷರ ಅಳಿಸಿಹೋಯಿತು, ಅವಳು ಮತ್ತೆ ಬರಲಿಲ್ಲ. ಇವತ್ತು ಹೊಗೆಸೊಪ್ಪು ಹದ ಮಾಡುವ ಬ್ಯಾರನ್ ಮನೆಯಲ್ಲಿ ಎಲೆ ಪೋಣಿಸುತ್ತಾಳೆ. ಈ ಪುಸ್ತಕದ ಸುದ್ದಿ ಹೇಳಲು ಹೋದರೆ, "ಈ ಕಡೀಕ್ ಬಂದು ಯೋಳು ಕಣ್ಲಾ ಮಂಚಯ್ಯ. ಆ ಕಡೆ ಕಿವೀನ ಮೇಷ್ಟ್ರಿಗೆ ಗುರುದಕ್ಷಿಣೆ ಕೊಟ್ಬುಟ್ಟಿವ್ನಿ" ಎಂದು ನಕ್ಕಳು. ಇವಳ ಬಾಲ್ಯ ಯಾವ ಮಾಲೆಯಲ್ಲಿದೆ? ಏಟು ತಿಂದವರಲ್ಲಿ ಬದುಕಿ ಮೇಲೆ ಬಂದ ಒಬ್ಬನನ್ನು ಹೆಕ್ಕಿ, ಏಟಿಗೆ ಕೀರ್ತಿ ಕೊಟ್ಟಿರಿ. ಬೆಂಕಿ ಬಿದ್ದ ಮನೆಯಿಂದ ತೆವಳಿ ಹೊರಬಂದವನನ್ನು ತೋರಿಸಿ ಬೆಂಕಿ ಒಳ್ಳೆಯದೆನ್ನುವುದು ಯಾವ ಸೀಮೆಯ ನೀತಿ? ಆ ನ್ಯಾಯಾಧೀಶರು ದೊಡ್ಡವರಾದದ್ದು ಓದಿದ್ದರಿಂದ. ಓದಲು ಪುಸ್ತಕ, ಉಣ್ಣಲು ಅನ್ನ, ಹಿಂದೆ ಒಂದು ಮನೆತನ ಇದ್ದದ್ದರಿಂದ. ಅದನ್ನು ಬರೆಯಲು ನಿಮಗೆ ನಾಚಿಕೆಯಾಯಿತೇನು?

ಮೊನ್ನೆ ಹುಮೇರಾಳ ಪ್ಲಾಸ್ಟರ್ ಬಿಚ್ಚಿದರು. ಎರಡು ಬೆರಳು ಮಡಿಸಲು ಬರುತ್ತಿಲ್ಲ. "ಮನೇಲೇ ಇರ್ಲಿ ಬುಡಿ ಅಣ್ಣ, ಜೀವ ಒಂದು ಉಳೀಲಿ" ಎಂದ ಪಾಷಾ. ತಾಯಿ ಅಕ್ತರುನ್ನೀಸಾ ಅವನತ್ತ ತಿರುಗಿ, "ನೀವ್ ಸುಮ್ನಿರಿ. ದೊಣ್ಣೆ ಕಡ್ಯೋವಾಗ ನನ್ ಕೇಳಿದ್ರಾ? ಅವಳು ಹೋಗ್ತಾಳೆ" ಎಂದಳು. ಹುಡುಗಿ ಇಬ್ಬರನ್ನೂ ಬಿಟ್ಟು ನನ್ನ ಮುಖ ನೋಡಿದಳು. "ಆ ಬುಕ್ ಬೀರೂಲಿ ಇರೋಗಂಟ ನಾನ್ ಹೋಗಲ್ಲ ಅಂಕಲ್." ದಸರಾ ರಜೆ ಮುಗಿದು ಶಾಲೆ ತೆರೆಯುವ ದಿನ ಅವಳು ಹೋಗದಿದ್ದರೆ ಮುಂದೆಂದೂ ಹೋಗುವುದಿಲ್ಲ. ಆ ಮನೆಯನ್ನು ಬಲ್ಲವನಾಗಿ ಹೇಳುತ್ತಿದ್ದೇನೆ.

ಆದ್ದರಿಂದ ಇದು ಮನವಿಯಲ್ಲ. ಎರಡನೇ ಮುದ್ರಣ ಇವತ್ತೇ ನಿಲ್ಲಬೇಕು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಪ್ರತಿ ಶಾಲೆಯಿಂದ ಆ ಮಾಲೆ ವಾಪಸಾಗಬೇಕು. ಹುಮೇರಾಳ ಶಾಲೆಗೆ ಉಮಾಶಂಕರನನ್ನು ಅಟ್ಟಬೇಡಿ. ಶಾಲೆ ತೆರೆಯುವ ದಿನ ನೀವೇ ಬನ್ನಿ, ಅವಳ ಕಣ್ಣೆದುರು, ಮುನ್ನುಡಿ ಬರೆದ ಕೈಯಿಂದಲೇ ಆ ಪುಸ್ತಕವನ್ನು ಬೀರುವಿನಿಂದ ಹೊರಗೆ ತೆಗೆಯಿರಿ. ಬಾಗಿಲಲ್ಲಿ ನಾವು ನಿಂತಿರುತ್ತೇವೆ.

ಅವಳು ಓದುತ್ತಾಳೆ. ಎಡಗೈಯಲ್ಲಾದರೂ ಬರೆಯುತ್ತಾಳೆ. ನಾಳೆ ಏನೋ ಒಂದು ಆಗಿಯೇ ತೀರುತ್ತಾಳೆ. ಆಗ ನಿಮ್ಮ ಸಮಿತಿಯ ಲೇಖಕನೊಬ್ಬ ಅವಳ ಬಾಲ್ಯವನ್ನೂ ಬರೆಯಲು ಕೂತು, "ಅಂದು ಬಿದ್ದ ಆ ಪೆಟ್ಟೇ ಇವರನ್ನು" ಎಂದು ಶುರುಮಾಡಬಹುದು. ಆ ವಾಕ್ಯ ಮುಗಿಯುವ ಮುಂಚೆ ನಾವು ಅವನ ಮನೆ ಬಾಗಿಲಲ್ಲಿರುತ್ತೇವೆ.

ಇಂತಿ,
ಬೇಕಾದಷ್ಟು ಏಟು ತಿಂದೂ ಯಾರ ಮಾಲೆಗೂ ಬಾರದೆ ಉಳಿದ
ಮಂಚಯ್ಯ, ಬಿಳಿಕೆರೆ