ಕಂಬಳಿ ಯಾರು ತರಬೇಕು?

ಜಮಖಂಡಿ
೧೯ ನವೆಂಬರ್ ೨೦೨೪

ಮಗಳು ಸಂಧ್ಯಾಳಿಗೆ ಅಪ್ಪನ ಜೈಭೀಮ್. ಉಮಾಶ್ರೀಗೂ ಹೇಳು.

ಪತ್ರ ತಡವಾಯಿತು, ಬೈಬೇಡ. ಬರೆಯಲು ಕೂತಾಗಲೆಲ್ಲ ಹರಿದು ಹಾಕಿದ್ದೇನೆ. ಪ್ರತಿ ಸಲವೂ ಅದು ಪತ್ರವಾಗದೆ ಕರಪತ್ರವಾಗುತ್ತಿತ್ತು. ಒಂದರಲ್ಲಂತೂ ‘ಮಗಳೇ’ ಎನ್ನುವ ಜಾಗದಲ್ಲಿ ‘ಬಂಧುಗಳೇ’ ಎಂದು ಬರೆದಿದ್ದೆ. ನಿನ್ನವ್ವ ಇಣುಕಿ ನೋಡಿ, “ಬರೀರಿ ಬರೀರಿ, ಕೆಳಗ ‘ಪ್ರಕಟಣೆಯ ಕೃಪೆಗಾಗಿ’ ಅಂತ ಹಾಕೂದ ಮರೀಬ್ಯಾಡ್ರಿ” ಎಂದಳು.

ಫೋನ್ ಮಾಡಬಹುದಿತ್ತಲ್ಲ ಅಂತೀ. ಫೋನಿನಲ್ಲಿ ನಾನು ಮಾತಾಡುವುದಿಲ್ಲ, ಕೂಗುತ್ತೇನೆ. ಬಸ್ಸಿನ ಬಾಗಿಲಲ್ಲಿ ನಿಂತು ‘ಮುಧೋಳ, ಬೀಳಗಿ’ ಎಂದು ಆಯುಷ್ಯವೆಲ್ಲ ಕೂಗಿದ ಗಂಟಲು, ಕಂಡಕ್ಟರ್ ಕೆಲಸ ಮುಗಿದರೂ ಇಳಿದಿಲ್ಲ. ನಮ್ಮ ಮನೆಯ ಸುದ್ದಿ ನಿಮ್ಮ ಬೀಳಗಿಯ ಮನೆಯೊಡತಿ ಗುರುಬಸವ್ವನವರ ಅಡಿಗೆಮನೆವರೆಗೆ ಹೋಗುವುದು ಬೇಡ.

ದೀಪಾವಳಿಗೆ ಬಂದಾಗ ನೀನು ನಮ್ಮಿಬ್ಬರ ಮುಂದೆ ಕೂತು ಹೇಳಿದೆಯಲ್ಲ: “ಅಪ್ಪಾ, ಉಮಾ ಮತ್ತ ನಾ ಬರೇ ಗೆಳತ್ಯಾರಲ್ಲ. ಲಗ್ನ ಆದವರಂಗ ಬಾಳಾಕತ್ತೀವಿ. ಎರಡೂ ಮನೀಯವರ ಮುಂದ ಒಂದು ಕಾರ್ಯ ಮಾಡಬೇಕಂತೀವಿ.” ನಾನು ಎದ್ದು ನಿನ್ನ ತಲೆಯ ಮೇಲೆ ಕೈ ಇಟ್ಟೆ. ಅದು ಖರೆ. ಕೈ ತೆಗೆಯುವುದಕ್ಕೂ ಮೊದಲೇ ಸಂವಿಧಾನದ ಮಾತು ಶುರು ಮಾಡಿದೆ. ಅದೂ ಖರೆ. ನೀನು ನಕ್ಕು ಉಂಡಿ ತಿಂದೆ.

ನೀವು ಬೀಳಗಿಗೆ ಹೋದ ಮೇಲೆ ಚಿಮ್ಮಡದಿಂದ ಉಮಾಳ ಅಪ್ಪ ಧರೆಪ್ಪನವರ ಫೋನ್ ಬಂತು. “ಬುಧವಾರ ಬರ್ತೀವ್ರಿ. ಕುಂತು ಮಾತಾಡೂದೈತಿ.” ಅಷ್ಟೇ, ಇಟ್ಟರು.

ನನ್ನ ಮೈ ಉರಿಯಿತು. ಅವಳು ಕುರುಬರ ಮನೆಯ ಹುಡುಗಿ, ನೀನು ನಮ್ಮ ದಲಿತರ ಓಣಿಯ ಹುಡುಗಿ. ಮಾತಾಡಲು ಬರುವವರು ಏನು ಮಾತಾಡುತ್ತಾರೆಂಬುದು ನನಗೆ ಗೊತ್ತಿಲ್ಲವೇ? ಜಾತಿ ಮೀರಿದ ಜೋಡಿಗಳನ್ನು ನನ್ನ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂರಿಸಿ ಊರು ದಾಟಿಸಿದವನು ನಾನು. ‘ಕುಂತು ಮಾತಾಡೂಣು’ ಅಂದವರು ಬಡಿಗೆ ಹಿಡಿದು ಬಂದದ್ದನ್ನು ಕಣ್ಣಾರೆ ಕಂಡಿದ್ದೇನೆ. ಅಂದೇ ಚಳವಳಿಯ ಸಂಗಾತಿ ಚನಮಲ್ಲಪ್ಪನಿಗೆ ಹೇಳಿಕಳಿಸಿದೆ. ಬುಧವಾರ ಬೆಳಿಗ್ಗೆಯೇ ಬಂದ. ಸಮಾಜಮಂದಿರದಿಂದ ಕುರ್ಚಿ ತಂದು ಹಾಕಿದೆವು. ವಕೀಲರಿಗೂ ಒಂದು ಮಾತು ಹಾಕಿ ಇಟ್ಟಿದ್ದೆ.

ಆದರೆ ಚನಮಲ್ಲಪ್ಪ ಕುರ್ಚಿಯಲ್ಲಿ ಕೂತವನೇ ಗಲ್ಲ ಕೆರೆದುಕೊಂಡ.

“ನಾಮದೇವ, ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ. ಜಾತಿ ಬಿಟ್ಟು ಗಂಡು-ಹೆಣ್ಣು ಲಗ್ನಾದ್ರ ಅದಕ್ಕ ನಾವು ಎದಿ ಕೊಡೂಣು. ಇದು ನಮ್ಮ ಹೋರಾಟ ಅಲ್ಲೋ. ಪ್ಯಾಟಿ ಸಿರಿವಂತರ ಸೋಕಿ ಇದು.”

“ಸೋಕಿ ಅಂತೀ ಏನಲೇ? ನನ್ನ ಮಗಳು ಸರಕಾರಿ ದವಾಖಾನ್ಯಾಗ ಮಂದಿ ಹೇಲುಚ್ಚಿ ಬಳಿಯೂ ನರ್ಸು. ಉಮಾ ಕುರಿಗಿ ಸೂಜಿ ಚುಚ್ಚಾಕಿ. ಯಾವ ಪ್ಯಾಟಿಯೋ, ಯಾವ ಸಿರಿವಂತಿಕಿಯೋ?”

“ಸಿಟ್ಟಾಗಬ್ಯಾಡ ಅಂದಿದ್ನಲ್ಲೋ.”

“ಆಗಿಲ್ಲ. ನನ್ನ ದನೀನ ಹಿಂಗೈತಿ.”

ಸಂಧ್ಯಾ, ಅವನಿಗೆ ಹೇಳಿದ್ದನ್ನು ನಿನಗೂ ಬರೆದೇ ತೀರುತ್ತೇನೆ. ಯಾರ ಜೊತೆ ಉಣ್ಣಬೇಕು, ಯಾವ ಬಾವಿ ಮುಟ್ಟಬೇಕು, ಯಾರ ಕೈ ಹಿಡಿಯಬೇಕು ಎಂದು ನಮ್ಮ ಅಜ್ಜಂದಿರಿಗೆ ಅಪ್ಪಣೆ ಕೊಟ್ಟ ಬಾಯಿಯೇ ಇವತ್ತು ನಿಮಗೂ ಅಪ್ಪಣೆ ಕೊಡುತ್ತಿದೆ. ಆಗ ಧರ್ಮ ಅಂದಿತು, ಈಗ ಸಂಸ್ಕೃತಿ ಅನ್ನುತ್ತದೆ. ಹೋದ ವರ್ಷ ದೆಹಲಿಯ ದೊಡ್ಡ ಕೋರ್ಟು, ಇದು ಶಾಸನ ಮಾಡುವವರ ಕೆಲಸವೆಂದು ಅವರ ಕಡೆ ಕೈ ತೋರಿಸಿತು. ಶಾಸನ ಮಾಡುವವರು ವೋಟು ಕೇಳಲು ಬಂದಾಗ ಈ ಮಾತು ಎತ್ತಿ ನೋಡು, ಮುಂದಿನ ಮನೆಗೆ ಓಡುತ್ತಾರೆ. ನಾಳೆ ನಿಮ್ಮಿಬ್ಬರಲ್ಲಿ ಒಬ್ಬಳನ್ನು ಆಪರೇಷನ್ನಿಗೆ ಒಳಗೆ ಒಯ್ದರೆ, ಹೊರಗೆ ನಿಂತವಳನ್ನು ‘ನೀವು ಯಾರು?’ ಎಂದು ಕೇಳುತ್ತಾರೆ. ‘ಈಕೆ ನನ್ನವಳು’ ಎಂದು ಹೇಳಿದರೆ ಒಪ್ಪದ ಕಾನೂನು ಅರ್ಧ ಕಾನೂನು. ಅರ್ಧ ನ್ಯಾಯ ನಮಗೆ ಹೊಸದಲ್ಲ. ಊರ ಹೋಟೆಲಿನಲ್ಲಿ ನಮಗೆ ಚಹಾ ಕೊಡುತ್ತಿದ್ದರು, ಬಸಿ ಬೇರೆ ಇಡುತ್ತಿದ್ದರು.

ಚನಮಲ್ಲಪ್ಪ ಬಾಗಿಲ ಕಡೆ ತಿರುಗಿದ. ಒಪ್ಪಿದ ಅಂತಲ್ಲ, ಹೊರಗೆ ಚಪ್ಪಲಿ ಬಿಟ್ಟ ಸಪ್ಪಳ ಕೇಳಿತು.

ಬಂದವರು ಇಬ್ಬರೇ. ಧರೆಪ್ಪ, ಅವರ ಹಿಂದೆ ಉಮಾಳ ಅವ್ವ ಪದ್ಮವ್ವ. ಬಡಿಗೆ ಇಲ್ಲ, ಹಿರಿಯರಿಲ್ಲ. ಕೈಯಲ್ಲಿ ಒಂದು ಅರಿವೆ ಚೀಲ. “ಶರಣ್ರಿ ಬೀಗರ” ಎಂದರು. ನಾನು ಅದನ್ನು ಕುಚೋದ್ಯ ಎಂದುಕೊಂಡೆ ನೋಡು! ನಿನ್ನವ್ವ ಚಹಾ ತಂದಳು. ಧರೆಪ್ಪ ಕುಡಿದರು. ಪದ್ಮವ್ವ ಕಪ್ಪನ್ನು ಮುಟ್ಟಲಿಲ್ಲ, “ನನಗ ಬ್ಯಾಡ್ರಿ” ಎಂದು ಕೈ ಹಿಂದೆ ತೆಗೆದುಕೊಂಡರು.

ಅಷ್ಟು ಸಾಕಾಯಿತು. ಆ ಕೈ ಹಿಂದೆ ಸರಿಯುವುದನ್ನು ನಾನು ಜೀವಮಾನವಿಡೀ ನೋಡಿದ್ದೇನೆ. ಎದ್ದು ನಿಂತೆ.

“ನೋಡ್ರಿ ಧರೆಪ್ಪನವರ, ಮೊದಲ ನಂದು ಹೇಳಿಬಿಡ್ತೀನಿ. ಇಬ್ಬರೂ ಪ್ರಾಯಕ್ಕ ಬಂದಾರ, ದುಡದು ತಿಂತಾರ. ನಮ್ಮ ಜಾತಿ ನಿಮಗ ಅಡ್ಡಾದ್ರ ಅದು ನಿಮ್ಮ ರೋಗ, ನಮ್ಮದಲ್ಲ. ಅಂಜಿಸಾಕ ಬಂದಿದ್ರ...” ಹೀಗೆ ಶುರುವಾದದ್ದು ಎಲ್ಲಿಗೆಲ್ಲಿಗೋ ಹೋಯಿತು. ಬಾಗಿಲಲ್ಲಿ ಓಣಿ ಮಂದಿ ಕೂಡಿದರು. ಧರೆಪ್ಪ ತಲೆಯ ರುಮಾಲು ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡು, ಮಳೆ ನಿಲ್ಲುವುದನ್ನು ಕಾಯುವ ಕುರಿಗಾರನ ಹಾಗೆ ಕೂತೇ ಇದ್ದರು.

“ಮುಗೀತ್ರಿ?”

“ಮುಗೀತು.”

“ಛಲೋ ಮಾತಾಡ್ತೀರಿ. ಈಗ ನಾ ಬಂದ ಕೆಲಸ ಹೇಳ್ಲಿ? ನಮ್ಮ ಮನೆತನದಾಗ ಲಗ್ನ ಅಂದ್ರ ಕಂಬಳಿ ಮ್ಯಾಲ ಕುಂದ್ರಸೂದ್ರಿ. ಗಂಡಿನ ಕಡ್ಯಾವ್ರು ಹೊಸಾ ಕರೀ ಕಂಬಳಿ ತಂದು ಹಾಸಬೇಕು, ಹೆಣ್ಣಿನ ಕಡ್ಯಾವ್ರು ಬೀರಪ್ಪನ ಭಂಡಾರದ ಅರಿಷಿಣ ಹಣಿಗಿ ಹಚ್ಚಬೇಕು. ಈಗ ನಮ್ಮದೂ ಹೆಣ್ಣು, ನಿಮ್ಮದೂ ಹೆಣ್ಣು. ಉಮಾ ಕಾರ್ಯದ ಮಾತು ತಗದಾಗಿಂದ ಗಂಡ-ಹೆಂಡ್ತಿ ಇದನ್ನ ವಿಚಾರ ಮಾಡಾಕತ್ತೀವಿ, ಬಗೀಹರೀವಲ್ದು. ನೀವು ಓದಿದವ್ರು, ಹೇಳ್ರಿ. ಕಂಬಳಿ ಯಾರು ತರೂದು?”

ನಾನು ಕೂತುಬಿಟ್ಟೆ. ಚನಮಲ್ಲಪ್ಪ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. “ಇದು ನಮ್ಮ ಯಾವ ಠರಾವಿನ್ಯಾಗೂ ಇಲ್ಲಲೇ” ಎಂದ ಮೆಲ್ಲಗೆ.

ಉತ್ತರ ಬಂದದ್ದು ನಿನ್ನವ್ವನಿಂದ.

“ಕಂಬಳಿ ನೀವ ತರ್ರಿ ಯಣ್ಣಾ, ಕುರಿ ನಿಮ್ಮವು. ನಾ ಕೌದಿ ತರ್ತೀನಿ. ಕೆಳಗ ಕಂಬಳಿ, ಮ್ಯಾಲ ಕೌದಿ. ಹೊಸಾ ಕಂಬಳಿ ಕೂಸುಗೋಳಿಗಿ ಚುಚ್ಚೂದಿಲ್ಲೇನು? ಭಂಡಾರ ಇಬ್ಬರೂ ಹಚ್ಚೂಣು, ಮೂಗಿನ ಮಟಾ.”

ಪದ್ಮವ್ವ ಬಾಯಿಗೆ ಸೆರಗು ಹಿಡಿದು ನಕ್ಕರು. “ನನ್ನ ಲಗ್ನದಾಗ ಚುಚ್ಚಿದ್ದು ಇನ್ನೂ ನೆಪ್ಪೈತಿ ಬೇ. ನಾ ಅರಿಷಿಣ ಮೈ ಕೆರಕೊಳ್ಳೂದು ನೋಡಿ ಮಂದಿ ನಕ್ಕಿದ್ರು.” ಆಮೇಲೆ ಕಪ್ಪಿನ ಕಡೆ ನೋಡಿ, ಅವರಾಗಿಯೇ ಹೇಳಿದರು: “ಚಾ ಬಿಟ್ಟು ವರ್ಷಾತ್ರಿ ಅಕ್ಕಾರ. ಹರಕಿ. ಮೊದಲ ನನ್ನ ಮಗಳಿಗಿ ಬುದ್ಧಿ ಬರ್ಲಿ ಅಂತ ಬಿಟ್ಟಿದ್ನಿ. ಈಗ ಕಾರ್ಯ ಸುಸೂತ್ರ ಆಗ್ಲಿ ಅಂತ ಬಿಟ್ಟೇನಿ. ಹರಕಿ ಅದ ಐತಿ, ಕಾರಣ ಬದಲಾತು.” ನೀರು ಕೇಳಿ, ನಮ್ಮ ತಂಬಿಗೆಯನ್ನು ಎತ್ತಿ ಗಟಗಟ ಕುಡಿದರು. ನಾನು ಗೋಡೆಯ ಕಡೆ ಮುಖ ಮಾಡಿ ಕಣ್ಣು ಒರೆಸಿಕೊಂಡೆ. ನಿನ್ನವ್ವ ನೋಡಿದಳು. ಈಗ ಓಣಿಗೆಲ್ಲ ಗೊತ್ತು.

ಎಲ್ಲವೂ ಸಿಹಿ ಅಂತ ತಿಳಿಯಬೇಡ. ಧರೆಪ್ಪ ಹೋಗುವ ಮುಂಚೆ ನೇರ ಹೇಳಿದರು: “ನಮ್ಮಣ್ಣ ಮಹಾಲಿಂಗ ಬರಾಂಗಿಲ್ಲಂದಾನ. ಎರಡು ಹೆಣ್ಣು ಅಂತ ಅಲ್ರಿ, ನಿಮ್ಮ ಜಾತಿ ಅಂತ. ನಿಮ್ಮ ಮುಂದ ಮುಚ್ಚಿಡೂದ್ಯಾಕ?” ನೋಡು ಮಗಳೇ ಈ ದೇಶವನ್ನು! ಎರಡು ಹೆಣ್ಣು ಕೂಡಿ ಬಾಳುವುದನ್ನು ನುಂಗಿದವನ ಗಂಟಲಲ್ಲಿಯೂ ಜಾತಿ ಸಿಕ್ಕಿಕೊಳ್ಳುತ್ತದೆ. ನನ್ನ ಭಾಷಣ ಪೂರ್ತಿ ದಂಡವಾಗಲಿಲ್ಲ, ತಪ್ಪು ಮನುಷ್ಯನ ಮುಂದೆ ಮಾಡಿದೆ, ಅಷ್ಟೇ. “ಅಣ್ಣ ಬರಲಿಲ್ಲಂದ್ರ?” ಎಂದು ಕೇಳಿದೆ. “ಒಂದು ಎಲಿ ಉಳೀತೈತ್ರಿ” ಎಂದರು.

ಇದು ಕಾನೂನಿನಲ್ಲಿ ಲಗ್ನವಲ್ಲ, ರಿಜಿಸ್ಟರ್ ಆಗುವುದಿಲ್ಲ ಎಂಬುದನ್ನೂ ನಾನು ಬಿಡಿಸಿ ಹೇಳಿದೆ. ಅದಕ್ಕೆ ಅವರು ಅಂದದ್ದು: “ಚಿಕ್ಕಪಡಸಲಗಿ ಬ್ಯಾರೇಜ್ ಕಟ್ಟುಮುಂದ ನಮ್ಮಪ್ಪನ ಜೋಡಿ ಹೋಗಿ ನಾನೂ ಬುಟ್ಟಿ ಹೊತ್ತೀನ್ರಿ. ಸರಕಾರ ಕಟ್ಟಲಿ ಅಂತ ಕುಂತಿದ್ರ ಕೃಷ್ಣಿ ಹರಕೋಂತ ಹೋಗಿರ್ತಿದ್ಳು. ರೈತರ ಕಟ್ಟಿದ್ರು. ನೀರು ನಿಂತ ಮ್ಯಾಲ ಸಾಹೇಬ್ರು ನೋಡಾಕ ಬಂದ್ರು. ಕಾನೂನೂ ಬರತೈತಿ ಬಿಡ್ರಿ, ಹಿಂದಿಂದ.”

ಕಾನೂನು ತಾನಾಗಿ ಬರುವುದಿಲ್ಲ, ಎಳೆದು ತರಬೇಕು ಎಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಮೊದಲ ಸಲ, ಅಂತ ನಿನ್ನವ್ವ ಅನ್ನುತ್ತಾಳೆ.

ಕಾರ್ಯ ಛಟ್ಟಿ ಅಮಾವಾಸ್ಯೆ ದಾಟಿ ಮುಂದಿನ ಭಾನುವಾರ, ಚಿಮ್ಮಡದ ಅವರ ಹೊಲದ ಮನೆಯಲ್ಲಿ. ಅಮಾವಾಸ್ಯೆಯ ಲೆಕ್ಕ ನನ್ನದಲ್ಲ, ಇಬ್ಬರು ಅವ್ವಂದಿರದು. ವಾದಕ್ಕೆ ಬರಬೇಡ, ನಾನು ಸೋತಿದ್ದೇನೆ. ಕೌದಿ ಹೊಲಿಯುವುದು ಮುಗಿಯುತ್ತ ಬಂತು. ನನ್ನ ಖಾಕಿ ಅಂಗಿಗಳು, ನಿನ್ನ ಸಾಲಿಯ ಲಂಗ, ಅಜ್ಜಿಯ ಇಳಕಲ್ಲ ಸೀರೆಯ ಸೆರಗು. ನಡುವೆ ನೀಲಿ ಅರಿವೆಯ ದೊಡ್ಡ ತುಂಡು. ಬಗ್ಗಿ ನೋಡಿದರೆ ನಮ್ಮ ಹಳೆಯ ಮೆರವಣಿಗೆಯ ಬ್ಯಾನರು! ‘ನ್ಯಾಯ ಬೇ’ ಎಂಬಲ್ಲಿಗೆ ಕತ್ತರಿ ಬಿದ್ದಿದೆ. ಹೌಹಾರಿದೆ. “ಮಾಳಿಗಿ ಮ್ಯಾಲ ಇಲಿ ತಿನ್ನಾಕತ್ತಿತ್ರಿ. ಇಲ್ಲಿ ನಾಕು ಮಂದಿ ಕುಂದರ್ತಾರ” ಎಂದಳು ನಿನ್ನವ್ವ. ಚನಮಲ್ಲಪ್ಪನಿಗೂ ಕರೆ ಹೋಗಿದೆ. “ನನಗಿನ್ನೂ ತಿಳೀವಲ್ದು ನಾಮದೇವ. ಆದ್ರ ಊಟಕ್ಕ ಬರ್ತೀನಿ” ಎಂದಿದ್ದಾನೆ. ಬರಲಿ. ಉಣ್ಣುತ್ತ ಉಣ್ಣುತ್ತ ತಿಳಿದೀತು.

ಸಂಧ್ಯಾ, ನಿನಗೊಂದು ಶರಣು ಹೇಳಬೇಕು. ಈಗಿನ ಹುಡುಗರು ಬೀದಿಗೆ ಇಳಿಯುವುದಿಲ್ಲ, ಫೋನು ತಿಕ್ಕುತ್ತಾರೆ ಎಂದು ನಿಮ್ಮನ್ನು ಎಷ್ಟು ಹಂಗಿಸಿದ್ದೇನೆ. ನೀವಿಬ್ಬರೂ ಬೀಳಗಿಯ ಬಾಡಿಗೆ ಮನೆಯ ಬಾಗಿಲಿಗೆ ಎರಡು ಹೆಸರು ಒಟ್ಟಿಗೆ ಬರೆದು ಹಾಕಿ, ದಿನಾ ಅದೇ ಬಾಗಿಲಿನಿಂದ ಕೆಲಸಕ್ಕೆ ಹೋಗಿ ಬರುತ್ತೀರಿ. ನನ್ನ ಮೆರವಣಿಗೆ ಸಂಜೆಗೆ ಮುಗಿಯುತ್ತಿತ್ತು. ನಿಮ್ಮದಕ್ಕೆ ಸಂಜೆಯಿಲ್ಲ. ನಾನು ಜಾತಿಯ ಗೋಡೆಗೆ ತಲೆ ಚಚ್ಚಿದೆ. ನೀನು ಅದರ ಜೊತೆ ಇನ್ನೊಂದು ಗೋಡೆಯನ್ನೂ ದಾಟಿ ಒಬ್ಬ ಬೀಗನನ್ನು ಗಳಿಸಿಕೊಟ್ಟೆ. ನಮ್ಮ ಹೊಸ್ತಿಲೊಳಗೆ ಕುರುಬರ ಪದ್ಮವ್ವ ನೀರು ಕುಡಿದದ್ದು ನನ್ನ ಭಾಷಣದಿಂದಲ್ಲ, ನಿನ್ನ ಪ್ರೀತಿಯಿಂದ. ಋಣಿಯಾಗಿದ್ದೇನೆ ಮಗಳೇ. ಈ ಮಾತನ್ನು ಯಾವ ಸಭೆಯಲ್ಲೂ ಆಡಿದವನಲ್ಲ.

ಇಬ್ಬರೂ ಹೊತ್ತಿಗೆ ಸರಿಯಾಗಿ ಉಣ್ಣಿರಿ. ಜಗಳವಾಡಿದರೆ ಮಲಗುವ ಮೊದಲೇ ಮುಗಿಸಿರಿ. ಯಾರಿಗೂ ತಲೆ ಬಗ್ಗಿಸಬೇಡಿರಿ, ಭಂಡಾರ ಹಚ್ಚುವಾಗ ಅವ್ವಂದಿರಿಗೆ ಬಿಟ್ಟು. ನೂರು ವರ್ಷ ಕೂಡಿ ಬಾಳಿರಿ.

ನಿನ್ನ ಅಪ್ಪ,
ನಾಮದೇವ

ತಾ.ಕ.: ಒಂದು ಮಾತು ಮೇಲೆ ಬರೆಯಲು ಕೈ ಬರಲಿಲ್ಲ. ಪದ್ಮವ್ವ ‘ವರ್ಷಾತ್ರಿ’ ಎಂದಾಗಲೇ ನನಗೆ ಹೊಳೆಯಬೇಕಿತ್ತು. ಅವರನ್ನು ಬನಹಟ್ಟಿಯ ಬಸ್ಸಿಗೆ ಹತ್ತಿಸಲು ಹೋದಾಗ ಧರೆಪ್ಪ ಹೇಳಿದರು: “ಹೋದ ವರ್ಷ ತುಬಚಿ ಕಡೆ ಕುರಿ ಬಿಟ್ಟಿದ್ನಿ ನೋಡ್ರಿ, ನಿಮ್ಮ ಸಂಧ್ಯಾ ಒಬ್ಬಾಕೀನ ಹುಡುಕ್ಕೋಂತ ಬಂದು, ಹೊಲದಾಗ ಕುಂತು ಎಲ್ಲಾ ಹೇಳಿದ್ಳು. ನಾ ಬೈದ್ನಿ, ಬಡಿಗಿ ಎತ್ತಿದ್ನಿ. ಎದ್ದು ಹೋಗ್ಲಿಲ್ಲ. ಕಡೀಕ ‘ನಿಮ್ಮಪ್ಪಗ ಹೇಳಿಯೇನವಾ?’ ಅಂದ್ನಿ. ‘ಇಲ್ಲ ಕಾಕಾ. ಅಪ್ಪ ಬೈಯೂದಿಲ್ಲ. ಅಪ್ಪ ಸಭಾ ಕರೀತಾನ’ ಅಂದ್ಳು. ಭಾಳ ನಕ್ಕಿದ್ನಿ ಬಿಡ್ರಿ ಆವತ್ತ.”

ನಾನೂ ನಕ್ಕೆ. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ನಗುತ್ತಲೇ ನಿಂತಿದ್ದೆ.

ಬೈಯುವವನ ಹತ್ತಿರ ಹೋದೆ, ಬೈಯದವನ ಹತ್ತಿರ ಬರಲಿಲ್ಲ. ಒಂದು ವರ್ಷ, ಸಂಧ್ಯಾ. ನೀನಂದದ್ದು ಸುಳ್ಳು ಎಂದು ಬರೆಯೋಣವೆಂದರೆ, ಸಮಾಜಮಂದಿರದ ಕುರ್ಚಿಗಳು ಇನ್ನೂ ನಮ್ಮ ಪಡಸಾಲೆಯಲ್ಲೇ ಇವೆ.

ಕಾರ್ಯಕ್ಕೆ ಒಂದು ದಿನ ಮೊದಲೇ ಬಾ. ಕುರ್ಚಿಗಳನ್ನು ಅಷ್ಟರೊಳಗೆ ವಾಪಸು ಮುಟ್ಟಿಸಿರುತ್ತೇನೆ. ನಾವಿಬ್ಬರೇ ಕೆಳಗೆ ಕೂರೋಣ. ಧರೆಪ್ಪನವರಿಗೆ ಹೊಲದಲ್ಲಿ ಹೇಳಿದೆಯಲ್ಲ, ಹಾಗೆಯೇ ನನಗೂ ಮೊದಲಿನಿಂದ ಹೇಳು. ನಾನು ಬಾಯಿ ತೆರೆಯುವುದಿಲ್ಲ.