ವರದಾಟದ ಐದನೆಯ ಕಾಯಿದೆ

ಮಳವಳ್ಳಿ
20-2-1977, ಭಾನುವಾರ

ಚಿರಂಜೀವಿ ಸಂಪತ್ತುವಿಗೆ ನಿನ್ನ ಅಕ್ಕ ತಿರುಮಲೆ ಮನಸಾರೆ ಮಾಡುವ ಆಶೀರ್ವಾದ.

ನಿನ್ನ ಕೆಮ್ಮು ಹೇಗಿದೆ? ಹೋದ ಕಾಗದದಲ್ಲಿ ‘ಸುಮಾರು’ ಎಂದು ಒಂದೇ ಮಾತು ಬರೆದು ಮುಗಿಸಿದ್ದೆ. ನಿನ್ನ ಸುಮಾರು ಏನೆಂದು ನನಗೆ ಗೊತ್ತಿಲ್ಲವೇ? ಜ್ವರದಲ್ಲಿ ಕಣ್ಣು ಕೆಂಪಾಗಿದ್ದರೂ ಸುಮಾರು ಎನ್ನುತ್ತಿದ್ದವನು ನೀನು. ಆ ಅಣೆಕಟ್ಟಿನ ಕೆಲಸದಲ್ಲಿ ಧೂಳು ಕುಡಿದು ಬಂದಮೇಲೆ ಮೆಣಸು ಜೀರಿಗೆಯ ಕಷಾಯ ಮಾಡಿಕೊಂಡು ಕುಡಿ, ಸೋಮಾರಿತನ ಮಾಡಬೇಡ. ದಾಂಡೇಲಿಯಲ್ಲಿ ಮೆಣಸು ಸಿಗುವುದಿಲ್ಲ ಎಂದು ಮಾತ್ರ ಹೇಳಬೇಡ. ಇಲ್ಲಿ ನಾವು ಚೆನ್ನಾಗಿದ್ದೇವೆ. ನಿನ್ನ ಭಾವನಿಗೆ ಚುನಾವಣೆ ಡ್ಯೂಟಿ ಹಾಕಿದ್ದಾರೆ. ಸ್ಕೂಲಿನಲ್ಲಿ ನಲವತ್ತು ಹುಡುಗರನ್ನು ಗದರಿಸುವವರು, ಮತಪೆಟ್ಟಿಗೆ ಹೊತ್ತುಕೊಂಡು ಯಾವ ಊರಿಗೆ ಹೋಗಬೇಕೋ ಎಂದು ಈಗಿನಿಂದಲೇ ಹೆದರಿಕೊಂಡು ಕೂತಿದ್ದಾರೆ. ಬೆಳಗ್ಗೆಯಿಂದ ಮೈಕಿನ ಗಾಡಿ ಮೂರು ಸಲ ನಮ್ಮ ಬೀದಿಯಲ್ಲಿ ಹೋಯಿತು, ಕಿವಿ ಕೆಟ್ಟುಹೋಗಿದೆ.

ವೇದವಲ್ಲಿ ಆರೋಗ್ಯವಾಗಿದ್ದಾಳೆ. ಸಂಕ್ರಾಂತಿಗೆ ನೀನು ಕಳಿಸಿದ ಫ್ರಾಕು ಬಂತು. ಬಣ್ಣ ಚೆನ್ನಾಗಿದೆ, ಹೊಲಿಗೆಯೂ ಚೆನ್ನಾಗಿದೆ, ಆದರೆ ಅದು ಎಂಟು ವರ್ಷದ ಹುಡುಗಿಯ ಅಳತೆ. ಬರುವ ಶ್ರಾವಣಕ್ಕೆ ನಿನ್ನ ಮಗಳಿಗೆ ಹತ್ತು ತುಂಬುತ್ತದೆ ಕಣೋ. ಹಾಕಿಕೊಂಡು ಕನ್ನಡಿಯ ಮುಂದೆ ನಿಂತಳು, ಮೊಣಕಾಲಿನ ಮೇಲಕ್ಕೇ ನಿಂತಿತು. ಬಿಚ್ಚಿ ಮಡಿಸಿ ಪೆಟ್ಟಿಗೆಯಲ್ಲಿಟ್ಟಳು. ನನಗೆ ಅದೇ ಬೇಜಾರು. ಕೂಗಾಡಿದ್ದರೆ ಒಂದೇಟು ಕೊಟ್ಟು ಸಮಾಧಾನ ಮಾಡುತ್ತಿದ್ದೆ.

ಇದನ್ನು ಬರೆಯಬೇಕೋ ಬೇಡವೋ ಎಂದು ಯೋಚಿಸಿದೆ. ಬರೆದೇ ಬಿಡುತ್ತೇನೆ, ನಾನು ನಿನಗಿಂತ ನಾಲ್ಕು ವರ್ಷ ದೊಡ್ಡವಳು. ಸರಸಳು ಹೋಗಿ ಮೂರು ವರ್ಷವಾಗುತ್ತ ಬಂತು. ಮಗಳ ಮುಖದಲ್ಲಿ ಹೆಂಡತಿಯೇ ಕಾಣುತ್ತಾಳೆ, ನೋಡಲಾಗುವುದಿಲ್ಲ ಎಂದು ನೀನು ಭಾವನ ಹತ್ತಿರ ಹೇಳಿ ಅತ್ತಿದ್ದು ನನಗೆ ಗೊತ್ತು. ನನಗೂ ಕರುಳು ಇದೆ. ಆದರೆ ಅದಕ್ಕೆ ಮಗು ಏನು ಮಾಡಬೇಕು, ಮುಖ ಬದಲಾಯಿಸಿಕೊಳ್ಳಬೇಕೇ? ಆಚೆ ವರ್ಷ ದೀಪಾವಳಿಗೆ ಬಂದು ನಾಲ್ಕು ದಿನ ಇದ್ದೆ. ಐದನೆಯ ಬೆಳಗ್ಗೆ, ಮಲಗಿರಲಿ ಪಾಪ ಎಂದು ಅವಳನ್ನು ಎಬ್ಬಿಸದೆ ಮೊದಲನೆಯ ಬಸ್ಸಿಗೆ ಹೊರಟುಬಿಟ್ಟೆ. ಅವಳು ಎದ್ದು ನಿನ್ನ ಹಾಸಿಗೆ ನೋಡಿ, ಹಿತ್ತಲು ನೋಡಿ, ಆಮೇಲೆ ಬಸ್‌ಸ್ಟ್ಯಾಂಡಿನ ತನಕ ಒಬ್ಬಳೇ ಓಡಿಹೋಗಿದ್ದಳು. ಇದನ್ನು ಇಷ್ಟು ದಿನ ನಿನಗೆ ಹೇಳಿರಲಿಲ್ಲ. ಆಮೇಲಿನಿಂದ ಅವಳು ‘ಅಪ್ಪ ಯಾವಾಗ ಬರುತ್ತಾರೆ’ ಎಂದು ಕೇಳುವುದನ್ನೇ ಬಿಟ್ಟಳು.

ಈಗ ಬೇರೆ ಸಮಾಚಾರ. ಪೂರಿಗಾಲಿಯ ಮನೆ ಖಾಲಿ ಮಾಡಿದಾಗ ಬಂದ ಅಪ್ಪನ ಟ್ರಂಕನ್ನು ಧನುರ್ಮಾಸದಲ್ಲಿ ಬಿಚ್ಚಿದೆ. ಪಂಚಾಂಗಗಳ ಅಡಿಯಲ್ಲಿ ಏನು ಸಿಕ್ಕಿತು ಹೇಳು? ನಿನ್ನ ವರದಾಟದ ಪುಸ್ತಕ! ಅದೇ, ನಿನಗೆ ಹನ್ನೆರಡು ವರ್ಷವಾಗಿದ್ದಾಗ ದೇವಸ್ಥಾನದ ಜಗಲಿಯಲ್ಲಿ ಹುಡುಗರನ್ನೆಲ್ಲ ಗುಡ್ಡೆ ಹಾಕಿಕೊಂಡು ದೇವರು ವರ ಕೊಡುವ ಆಟ ಆಡುತ್ತಿದ್ದೆಯಲ್ಲ, ನನಗೆ ಮಾತ್ರ ಯಾವಾಗಲೂ ರಾಕ್ಷಸನ ವೇಷ. ರಟ್ಟಿನ ಮೇಲೆ ‘ವರದ ಕಾಯಿದೆಗಳು, ಪೂ. ಸಂಪತ್ ಕುಮಾರ’ ಎಂದು ದೊಡ್ಡ ಲಾಯರಿನಂತೆ ಬರೆದಿದ್ದೀಯೆ. ವೇದ ಅದನ್ನು ಕಿತ್ತುಕೊಂಡವಳು ಮೂರು ದಿನ ಕೆಳಗಿಡಲಿಲ್ಲ. ಕಾಯಿದೆಗಳು ಇವು: ಶಕ್ತಿ ಬೇಕೆಂದವನು ಒಬ್ಬ ದೇವರನ್ನು ಆರಿಸಿಕೊಳ್ಳಬೇಕು, ಇಬ್ಬರನ್ನು ಹಿಡಿದರೆ ಇಬ್ಬರೂ ಕೊಡುವುದಿಲ್ಲ. ತನಗೆ ಬಲು ಇಷ್ಟವಾದುದನ್ನು ಒಂದು ಮಂಡಲ, ಅಂದರೆ ನಲವತ್ತೆಂಟು ದಿನ, ಬಿಡಬೇಕು. ದಿನಾ ಒಂಟಿಕಾಲಿನಲ್ಲಿ ನಿಂತು ನೂರು ಎಣಿಸಬೇಕು. ಕೊಡುವ ವರದಲ್ಲಿ ಒಂದು ಸಂದು ಇಟ್ಟೇ ಕೊಡಬೇಕು, ಏನು ಮಾಡಿದರೆ ಶಕ್ತಿ ಹೋಗುತ್ತದೆ ಎಂದು ಮೊದಲೇ ಹೇಳಬೇಕು. ಐದನೆಯದೊಂದು ಇದೆ, ಅದು ನನಗೆ ಸರಿಯಾಗಿ ನೆನಪಿಲ್ಲ. ದೇವರು ಬರುವುದಕ್ಕೇನೋ ಸೇರಿದ್ದು.

ಈಗ ನಮ್ಮ ಬೀದಿಯ ಮಕ್ಕಳೆಲ್ಲ ಇದೇ ಹುಚ್ಚಿನಲ್ಲಿದ್ದಾರೆ. ಹಿತ್ತಲಿನ ಒಗೆಯುವ ಕಲ್ಲೇ ದೇವರ ಪೀಠ, ಒಬ್ಬೊಬ್ಬರು ಸರದಿಯ ಮೇಲೆ ದೇವರಾಗಿ ಕೂರುತ್ತಾರೆ. ಆಲೆಮನೆ ದೇವಯ್ಯನ ಮಗ ಚಲುವರಾಜು ಮುತ್ತತ್ತಿರಾಯನನ್ನು, ಅದೇ ಮುತ್ತತ್ತಿಯ ಹನುಮಂತನನ್ನು, ಹಿಡಿದಿದ್ದಾನೆ. ನಾಲೆಯನ್ನು ಒಂದೇ ನೆಗೆತಕ್ಕೆ ದಾಟುವ ಶಕ್ತಿ ಬೇಕಂತೆ. ಅದಕ್ಕೆ ಅವನು ಬಿಟ್ಟದ್ದು ಬಾಡು, ಮಾಂಸದೂಟ! ಹಬ್ಬದ ಮಾರನೆಯ ದಿನ ಅವನ ತಾಯಿ ಅಂಕಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಾಗಿಲಿಗೆ ಬಂದಳು. “ಏನ್ ಮಾಡುದ್ರಿ ನನ್ ಮಗುಂಗೆ? ಅಬ್ಬದೂಟ ಮುಟ್ನಿಲ್ಲ ಕಣ್ರವ್ವ, ತಟ್ಟೆ ತಳ್ಬುಟ್ಟು ಎದ್ದೋದ. ಅಯ್ನೋರ್ ಮನೆ ಸೇರ್ಕಂಡು ಕೆಟ್ಟೋದ!” ಎಂದು ತರಾಟೆಗೆ ತೆಗೆದುಕೊಂಡಳು. ನಾನು ಆಟದ ವಿಚಾರ ಹೇಳಿದೆ. ಅವಳು ಸಿಕ್ಕಿಸಿದ ಸೆರಗನ್ನು ಬಿಚ್ಚಿ, “ಮುತ್ತತ್ತಿರಾಯ್ನೇನ್ರವ್ವ? ಅಂಗಾರೆ ಬುಡಿ, ನಲವತ್ತೆಂಟ್ ದಿನ ತಾನೆ” ಎಂದು ಕೈಮುಗಿದುಕೊಂಡೇ ಹೋದಳು. ಅವನಿಗೆ ವರ ಸಿಕ್ಕುವ ಹೊತ್ತಿಗೆ ನಾಲೆಯಲ್ಲಿ ನೀರು ಕಡಿಮೆಯಿರಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೇನೆ.

ನಿನ್ನ ಮಗಳ ಕಥೆ ಕೇಳು. ಈ ಕಾಲದಲ್ಲಿ ಕಬ್ಬಿನ ಗಾಡಿ ಹೋಗುವಾಗ ಜಲ್ಲೆ ಎಳೆಯದ ಮಗು ಈ ಸೀಮೆಯಲ್ಲಿ ಇಲ್ಲ. ಅವಳಂತೂ ಹೋದ ವರ್ಷ ಹಲ್ಲಿನಲ್ಲೇ ಸಿಗಿದು ಸಿಗಿದು ಅಂಗಳವೆಲ್ಲ ಸಿಪ್ಪೆ ಮಾಡಿದ್ದಳು. ಈ ಸಲ ಸಂಕ್ರಾಂತಿಯ ದಿನ ಎಳ್ಳಿನ ಜೊತೆ ಕೊಟ್ಟ ಕಬ್ಬಿನ ತುಂಡನ್ನೂ ಮುಟ್ಟಲಿಲ್ಲ. ದೇವಯ್ಯನ ಆಲೆಮನೆಗೆ ಹೋದರೂ ಕಬ್ಬಿನ ಹಾಲು ಬೇಡ, ಬಿಸಿ ಬೆಲ್ಲ ಬೇಡ. ನಾನು ದಡ್ಡಿ, ಹಲ್ಲು ಹುಳುಕಾಗಿದೆ ಎಂದುಕೊಂಡೆ. ಎರಡು ದಿನ ಬಾಯಿಗೆ ಲವಂಗ ತುರುಕಿದೆ. ಸುಮ್ಮನೆ ಕಚ್ಚಿಕೊಂಡಿದ್ದಳು. ಆಮೇಲೆ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಅವರು ದೀಪ ಹಾಕಿ ನೋಡಿ, “ಹಲ್ಲು ಕಲ್ಲಿದ್ದಂಗೆ ಇವೆಯಲ್ಲಮ್ಮ” ಎಂದು ನಕ್ಕುಬಿಟ್ಟರು. ದಾರಿಯಲ್ಲಿ ಗದರಿಸಿದ ಮೇಲೆ ಬಾಯಿಬಿಟ್ಟಳು. “ಕಬ್ಬು ಬಿಟ್ಟಿದ್ದೀನಿ ಅತ್ತೆ. ನಂದೂ ತಪಸ್ಸು.”

ಬೆಳಗ್ಗೆ ಬಾವಿಯ ಪಕ್ಕ ಒಂಟಿಕಾಲಿನಲ್ಲಿ ನಿಲ್ಲುತ್ತಾಳೆ. ನೂರು ಎಣಿಸುವಾಗ ನಾನು ಎಷ್ಟು ಕೂಗಿದರೂ ತಿರುಗುವುದಿಲ್ಲ. ಯಾವ ದೇವರೇ ಎಂದರೆ ಹೇಳುವುದಿಲ್ಲ. ಮಿಕ್ಕವರ ಹಾಗೆ ಯಾರನ್ನೂ ಕಲ್ಲಿನ ಮೇಲೆ ಕೂರಿಸಿಯೂ ಇಲ್ಲ. ಚಲುವರಾಜು ತಾನೇ ದೇವರಾಗುತ್ತೇನೆ ಎಂದು ಹೋದದ್ದಕ್ಕೆ, “ನೀನಾಗಕ್ಕಾಗಲ್ಲ, ಅವರೇ ಬರಬೇಕು” ಎಂದಳಂತೆ. ನರಸಿಂಹಸ್ವಾಮಿ ಇರಬೇಕು, ಮನೆದೇವರು ಎಲ್ಲಿಗೆ ಹೋಗುತ್ತಾನೆ ಎಂದು ನಿನ್ನ ಭಾವ ಹೆಮ್ಮೆ ಪಡುತ್ತಿದ್ದಾರೆ. ಇರಲಿ. ಇವತ್ತಿಗೆ ಮೂವತ್ತೆಂಟನೆಯ ದಿನ. ಮಂಡಲ ಮುಗಿದ ದಿನ ಅವಳಿಗೆ ಏನಾದರೂ ಸಿಹಿ ಮಾಡಿ ಕೊಡುತ್ತೇನೆ. ಅಷ್ಟು ಹಟ ಹಿಡಿದ ಮಗುವಿನ ಕೈ ಬರಿದಾಗಿ ಉಳಿಯಬಾರದು.

ನಿನಗೆ ಬೇಸಗೆಯಲ್ಲಿ ಕೆಲಸ ಸಡಿಲವಾಗುತ್ತದೆ ಎಂದು ಬರೆದಿದ್ದೀಯೆ. ಹೋದ ಬೇಸಗೆಯೂ ಹಾಗೆಯೇ ಬರೆದಿದ್ದೆ. ಆದಷ್ಟು ಬೇಗ ಬಂದು ಹೋಗು ಎಂದಷ್ಟೇ ಕೇಳುತ್ತೇನೆ, ಬಲವಂತವಿಲ್ಲ. ಸಾಂಬಾರ ಪುಡಿಯನ್ನು ಪಾರ್ಸಲಿನಲ್ಲಿ ಕಳಿಸಿದ್ದೇನೆ, ತೇವ ತಾಗಿಸಬೇಡ. ಭಾವನ ಆಶೀರ್ವಾದ. ಆ ಸ್ವಾಮಿ ನಿನ್ನನ್ನು ಸುಖವಾಗಿಟ್ಟಿರಲಿ, ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅಕ್ಕ,
ತಿರುಮಲಮ್ಮ

ಮತ್ತೆ: ಕವರು ಅಂಟಿಸುವುದಕ್ಕೆ ಮುಂಚೆ ಆ ಐದನೆಯ ಕಾಯಿದೆ ಏನೆಂದು ನೋಡೋಣ ಎಂದು ಪುಸ್ತಕ ತೆಗೆದೆ. ಮಕ್ಕಳು ಆಲೆಮನೆಗೆ ಹೋಗಿದ್ದಾರೆ. ನಿನ್ನ ಕೈಬರಹದಲ್ಲೇ ಇದೆ, ಹಾಗೇ ಇಳಿಸುತ್ತೇನೆ: ‘ಮಂಡಲ ಮುಗಿದ ದಿನ ದೇವರು ಖುದ್ದಾಗಿ ಬರತಕ್ಕದ್ದು. ಬೇರೆಯವರ ಕೈಲಿ ಏನು ಕಳಿಸಿದರೂ ನಡೆಯದು. ಬಾರದಿದ್ದರೆ ಆತನು ದೇವರಲ್ಲವೆಂದು ಹೆಸರು ಹೊಡೆದುಹಾಕತಕ್ಕದ್ದು.’

ಕೊನೆಯ ಹಾಳೆಯಲ್ಲಿ ಮಕ್ಕಳ ಪಟ್ಟಿ ಇದೆ. ವೇದವಲ್ಲಿಯ ಸಾಲಿನಲ್ಲಿ, ದೇವರು ಎಂಬ ಕಡೆ ‘ಅಪ್ಪ’ ಎಂದು ಬರೆದಿದ್ದಾಳೆ. ಸಂಪತ್ತು, ಮಾರ್ಚಿ ಎರಡನೆಯ ತಾರೀಕು ಬುಧವಾರ ಮಂಡಲ ಮುಗಿಯುತ್ತದೆ. ಬೆಂಗಳೂರಿನಿಂದ ಮೈಸೂರು ರೈಲು ಹತ್ತಿ ಮದ್ದೂರಿನಲ್ಲಿ ಇಳಿ, ಅಲ್ಲಿಂದ ಇಲ್ಲಿಗೆ ಬಸ್ಸು ಬೇಕಾದಷ್ಟಿವೆ. ಮೇಲೆ ಬಲವಂತವಿಲ್ಲ ಎಂದು ಬರೆದದ್ದನ್ನು ಹೊಡೆದುಹಾಕಿಕೊ.

ಅವಳು ನಿನ್ನನ್ನು ಇಲ್ಲೇ ಇರು ಎಂದು ಕೇಳಿಲ್ಲ. ಬೇಕಾದ ಶಕ್ತಿ ಎಂಬ ಕಡೆ ಬರೆದಿರುವುದು ಇಷ್ಟೇ: ‘ಅಪ್ಪ ಹೊರಡುವಾಗ ನನಗೆ ಎಚ್ಚರ ಆಗಬೇಕು.’ ಸಂದನ್ನೂ ತಾನೇ ಬರೆದುಕೊಂಡಿದ್ದಾಳೆ: ‘ಅತ್ತರೆ ಶಕ್ತಿ ಹೋಗುತ್ತದೆ.’